ಹದಿನೇಳು ಬೆನ್ನು: ಬುಡದಿಂದ ಎಣಿಸಿದರೆ

"ಮುಟ್ಟಬೇಡ ಅದನ್ನ!"

ನನ್ನ ಮೈದುನ ಚಾಚಿದ್ದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ. "ಮುಟ್ಟಿಲ್ಲ ಅತ್ತಿಗೆ. ನೋಡ್ತಿದ್ದೆ ಅಷ್ಟೆ."

"ನೋಡೋಕೆ ಕಣ್ಣು ಸಾಕು. ಬೆರಳು ಜೇಬಲ್ಲಿರಲಿ."

ಬೆಳಗಿನ ಹತ್ತೂವರೆ. ವಿಚಾರಣಾ ಸಭಾಂಗಣದ ಹಿಂಗೋಡೆಯ ಬುಡದಲ್ಲಿ ನಾನು ಮಂಡಿಯೂರಿ ಕುಳಿತಿದ್ದೆ. ಎದುರಿಗೆ ಹದಿನಾಲ್ಕು ಅಡಿ ಉದ್ದದ ಒಂದೇ ದಿಮ್ಮಿ, ಅದರಿಂದ ಮೇಲೆದ್ದ ಮರದ ಬೆನ್ನುಗಳು. ಭುಜಕ್ಕೆ ಭುಜ ಒತ್ತಿಕೊಂಡು, ಕತ್ತು ತಗ್ಗಿಸಿ, ಹಿಮ್ಮಡಿ ಎತ್ತಿ, ಕಾಣದ ಏನನ್ನೋ ದೂಡುತ್ತಿರುವ ಬೆನ್ನುಗಳು. ಮುಖಗಳೆಲ್ಲ ಗೋಡೆಯ ಕಡೆ. ಕೆತ್ತಿದವರನ್ನು ಬಿಟ್ಟರೆ ಆ ಮುಖಗಳನ್ನು ಯಾರೂ ನೋಡಿಲ್ಲ.

ನಿನ್ನೆಯವರೆಗೆ ಹದಿನೇಳಿದ್ದವು. ಈಗ ಹದಿನಾರು.

ಕಿತ್ತ ಹಲ್ಲಿನ ಜಾಗದ ಹಾಗೆ ನಡುವೆ ಒಂದು ಸಂದು. ಎರಡೂ ಬದಿಗೆ ಗರಗಸದ ಗೀಟು, ಕೆಳಗೆ ಮರದ ಎಳೆಯ ಉದ್ದಕ್ಕೂ ಸೀಳಿದ ಗಾಯ. ನೆಲದ ಮೇಲೆ ಹಸಿಯಾದ ಹಳದಿ ಮರದ ಪುಡಿ. ಉಳಿದದ್ದೆಲ್ಲ ಇದ್ದಿಲಿನಷ್ಟು ಕಪ್ಪು. ಕೆತ್ತಿ ಮುಗಿಸಿದ ಮೇಲೆ, ಇದನ್ನು ಕೆತ್ತಿದ ಉಳಿಯಕ್ಕ ಗ್ಯಾಸಿನ ಉರಿ ಹಿಡಿದು ಇಡೀ ಮೈಯನ್ನು ಸುಟ್ಟಿದ್ದರು. ಎಣ್ಣೆ ಹಚ್ಚಲಿಲ್ಲ, ಪಾಲಿಶ್ ಮಾಡಲಿಲ್ಲ. "ಪಾಲಿಶ್ ಮಾಡ್ತಾ ಸತ್ತವರಿಗೆ ಇನ್ನೂ ಪಾಲಿಶ್ ಯಾಕೆ?" ಅಂದಿದ್ದರಂತೆ.

ಗೋಡೆಗೊಂದು ಅಲಂಕಾರ ಅಂದುಕೊಂಡು ಅಧಿಕಾರಿಗಳು ಸಹಿ ಹಾಕಿ ಜಾಗ ಕೊಟ್ಟರು. ತಂದು ಇಟ್ಟ ಮೇಲೆ ಅವರಿಗೆ ಹೊಳೆಯಿತು. ಕುರ್ಚಿ ಮೇಜು ಕಾರ್ಖಾನೆಯ ಯಜಮಾನ ವಿಚಾರಣೆಗೆ ಬಂದು ಕೂರುವ ಕುರ್ಚಿ ಸರಿಯಾಗಿ ಇದಕ್ಕೆ ಎದುರು. ಮೂರು ತಿಂಗಳಿಂದ ಆತ ತಲೆ ಎತ್ತಿದರೆ ಕಾಣುವುದು ಈ ಬೆನ್ನುಗಳೇ. ಆತನ ಮುಖ ನೋಡಲೂ ಒಪ್ಪದ ಹದಿನೇಳು ಜನ.

ಪಾಲಿಶ್ ಕೋಣೆಗೆ ಬೆಂಕಿ ಬಿದ್ದಾಗ ಹೊರಗಿನಿಂದ ಬೀಗ ಹಾಕಿತ್ತು ಅನ್ನುವುದು ಸತ್ತವರ ಮನೆಯವರ ದೂರು. ಬೀಗವೇ ಇರಲಿಲ್ಲ, ಗಾಬರಿಯಲ್ಲಿ ಅವರೇ ಒಬ್ಬರ ಮೇಲೊಬ್ಬರು ಬಿದ್ದು ಸತ್ತರು ಅನ್ನುವುದು ಯಜಮಾನನ ವಾದ. ನಾಳೆ ವಿಚಾರಣೆಯ ಕೊನೆಯ ದಿನ. ಆ ಬೀಗ ತಮ್ಮ ಹತ್ತಿರವೇ ಇದೆ, ಏಳನೇ ಬೆನ್ನಿನ ಹೊಟ್ಟೆಯೊಳಗೆ ಮುಚ್ಚಿಟ್ಟಿದ್ದೇನೆ ಎಂದು ಉಳಿಯಕ್ಕ ಮೊನ್ನೆ ಸಂಜೆ ನನ್ನ ಕಿವಿಯಲ್ಲಿ ಉಸುರಿದ್ದರು.

ಎಡಗಡೆಯಿಂದ ಎಣಿಸಿದೆ. ಹೋಗಿರುವುದು ಏಳನೆಯದೇ.

"ಕಿಟಕಿ ಚಿಲಕ ಸಡಿಲ ಇದೆ ಅಂತ ನಾನು ಮೂರು ಸಲ ಬರೆದು ಕೊಟ್ಟಿದ್ದೀನಿ," ಎಂದು ಬಾಗಿಲಲ್ಲೇ ನಿಂತು ಶುರು ಮಾಡಿದಳು ಸಭಾಂಗಣದ ಕಾವಲುಗಾರ್ತಿ. "ನನ್ನ ತಲೆಗೆ ಕಟ್ಟಬೇಡಿ. ಕಟ್ಟೋರು ಬರ್ತಾರೆ, ನನಗೆ ಗೊತ್ತು."

"ಯಾರೂ ಕಟ್ಟಲ್ಲಮ್ಮ. ದೀಪ ಇತ್ತಾ ರಾತ್ರಿ?"

"ಎಲ್ಲಿಂದ ಬರಬೇಕು? ಬಲ್ಬ್ ಕೇಳಿ ಆರು ವಾರ ಆಯ್ತು. ಅದನ್ನೂ ಬರೆದು ಕೊಟ್ಟಿದ್ದೀನಿ."

ಕತ್ತಲೆ. ಹಾಗಾದರೆ ಸರಿ.

ಸಂದಿನ ಎಡಕ್ಕಿರುವ ಆರು ಬೆನ್ನುಗಳ ಕತ್ತಿನ ಮೇಲೆ ಒಂದೊಂದು ಕಂದು ಮಚ್ಚೆ. ಕಪ್ಪು ಮಸಿ ಒರೆಸಿಹೋಗಿ ಮರದ ಬಣ್ಣ ಇಣುಕುತ್ತಿತ್ತು. ಬಲಕ್ಕಿರುವ ಹತ್ತರ ಮೇಲೆ ಅಂಥದ್ದು ಒಂದೂ ಇಲ್ಲ.

"ಇದೇನು ಹೇಳು."

ಮೈದುನ ಬಗ್ಗಿ ನೋಡಿದ. ಬಗ್ಗುವುದು ಅವನ ಹೊಟ್ಟೆಗೆ ಅಷ್ಟು ಸುಲಭದ ಕೆಲಸವಲ್ಲ. "ಕೈ ಇಟ್ಟಿದ್ದಾರೆ."

"ಎಣಿಸಿದ್ದಾರೆ. ಕತ್ತಲಲ್ಲಿ ಮುಟ್ಟಿ ಮುಟ್ಟಿ. ಎಡದಿಂದ ಒಂದು, ಎರಡು, ಆರು, ಆಮೇಲೆ ಏಳು."

"ಎಷ್ಟನೆಯದು ಅಂತ ಗೊತ್ತಿದ್ದೇ ಬಂದ ಹಾಗಾಯ್ತು."

"ಹೌದು."

ಟಾರ್ಚ್ ಹಿಡಿದು ಸಂದಿನ ತಳಕ್ಕೆ ಬೆರಳಾಡಿಸಿದೆ. ಅಲ್ಲೇ ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ದಪ್ಪ ಮರದ ಕೆತ್ತನೆಯನ್ನು ಗಟ್ಟಿಯಾಗಿ ಹಾಗೇ ಬಿಡುವುದಿಲ್ಲ. ಒಣಗುವಾಗ ಸೀಳು ಬಿಡುತ್ತದೆ. ಅದಕ್ಕೆ ತಳದಿಂದ ಕೊರೆದು ಒಳಗಿನ ತಿರುಳು ತೆಗೆದು ಪೊಳ್ಳು ಮಾಡುತ್ತಾರೆ, ತೂತಿಗೆ ಬಿರಡೆ ಬಡಿಯುತ್ತಾರೆ. ಬೀಗ ಇಟ್ಟಿದ್ದು ಅಂಥ ಪೊಳ್ಳಿನೊಳಗೆ ಎಂದು ಉಳಿಯಕ್ಕನೇ ಹೇಳಿದ್ದರು. ಅಂದ ಮೇಲೆ ಇಲ್ಲಿ ಒಂದು ತೂತು ಇರಬೇಕಿತ್ತು. ಇರಲಿಲ್ಲ. ತಳ ಅಷ್ಟೂ ಗಟ್ಟಿ ಮರ.

ಈ ಬೆನ್ನಿನೊಳಗೆ ಬೀಗ ಯಾವತ್ತೂ ಇರಲಿಲ್ಲ. ನನ್ನನ್ನು ಪತ್ತೇದಾರಿ ಕೆಲಸಕ್ಕೆ ಕರೆದವರೇ ನನಗೆ ಸುಳ್ಳು ಹೇಳಿದ್ದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಓಡಿ ಬಂದ ಸದ್ದು. ವಕೀಲರು. ತಲೆಯ ಮೇಲೆ ಇನ್ನೂ ಹೆಲ್ಮೆಟ್, ಟೈ ಜೇಬಿನಿಂದ ನೇತಾಡುತ್ತಿದೆ. ಹದಿನೇಳು ಮನೆಯವರ ಪರವಾಗಿ ಹನ್ನೊಂದು ತಿಂಗಳಿಂದ ಬಿಡಿಗಾಸು ಮುಟ್ಟದೆ ಓಡಾಡುತ್ತಿರುವ ಹುಡುಗುಮುಖದ ಮನುಷ್ಯ. ಪಾಲಿಶ್ ಕೋಣೆಯ ಬಾಗಿಲಿನ ಒಂದೇ ಒಂದು ಫೋಟೋ ಕಳೆದ ತಿಂಗಳು ಇವರ ಕಡತದಿಂದಲೇ ಮಾಯವಾಗಿತ್ತು. ನಮ್ಮ ಕಡೆಯವರೇ ಯಾರೋ ಯಜಮಾನನಿಗೆ ಸುದ್ದಿ ಮುಟ್ಟಿಸುತ್ತಿದ್ದಾರೆ ಅನ್ನುವ ಅನುಮಾನ ಹುಟ್ಟಿದ್ದೇ ಅಲ್ಲಿಂದ. ನನ್ನನ್ನು ಉಳಿಯಕ್ಕ ಕರೆಸಿದ್ದೂ ಅದಕ್ಕೇ.

ವಕೀಲರು ನಮ್ಮನ್ನು ನೋಡಲಿಲ್ಲ. ಎಡತುದಿಗೆ ಬೆರಳು ತೋರಿಸಿ ತುಟಿ ಅಲುಗಾಡಿಸುತ್ತ ಎಣಿಸಿದರು. ಸಂದಿನ ಹತ್ತಿರ ಬೆರಳು ನಿಂತಿತು. ಉಸಿರು ಬಿಟ್ಟರು. ಮತ್ತೆ ಮುಂದಕ್ಕೆ ನಡೆದು, ಬಲಕ್ಕಿದ್ದ ಒಂದು ಬೆನ್ನಿನ ಮುಂದೆ ನಿಂತು, ಮಲಗಿದ ಮಗುವನ್ನು ತಟ್ಟುವ ಹಾಗೆ ಅದರ ಭುಜ ತಟ್ಟಿದರು.

"ಏನು ವಕೀಲರೇ, ಜೀವ ಬಂತಾ?"

ಬೆಚ್ಚಿಬಿದ್ದರು. "ಹಾಂ? ಇಲ್ಲ, ಒಂದೇ ತಾನೇ ಹೋಗಿದ್ದು ಅಂತ... ಎಲ್ಲಾ ಹೋಗಿದ್ದಿದ್ರೆ ಏನು ಗತಿ."

"ಒಂದು ಹೋದ್ರೆ ಪರವಾಗಿಲ್ವಾ?"

"ಹಾಗಂದ್ನಾ ನಾನು?" ಕರ್ಚೀಫಿನಿಂದ ಅಂಗೈ ಮಸಿ ಒರೆಸಿಕೊಂಡು, "ನಾಳೆಗೆ ತಯಾರಿ ಇದೆ, ನಾಲ್ಕು ಗಂಟೆವರೆಗೂ ಆಫೀಸಲ್ಲೇ ಇರ್ತೀನಿ," ಎಂದು ಬಂದಷ್ಟೇ ಬೇಗ ಹೊರಟುಹೋದರು.

ಮೈದುನ ನನ್ನ ಕಿವಿಯ ಹತ್ತಿರ ಬಂದ. "ಕಳ್ಕೊಂಡವನ ಮುಖ ಅಲ್ಲ ಅತ್ತಿಗೆ ಅದು. ಲಾಟರಿ ಹೊಡೆದವನ ಮುಖ."

ಅವನು ಹೇಳಿದ್ದು ನಿಜ. ಅವರು ತಟ್ಟಿದ ಬೆನ್ನು ಎಷ್ಟನೆಯದು ಎಂದು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡೆ. ಹನ್ನೊಂದು.

*

ಉಳಿಯಕ್ಕನನ್ನು ಹುಡುಕಿ ಹಿಡಿಯುವ ಹೊತ್ತಿಗೆ ಮೂರು ಗಂಟೆ. ಬೆಳಗಿನಿಂದ ಮನೆಮನೆಗೆ ಹೋಗಿದ್ದರಂತೆ. ಯಾವ ಮನೆಗಳು ಎಂದು ಆಗ ನನಗೆ ಗೊತ್ತಿರಲಿಲ್ಲ.

"ಅಲ್ಲಾ ಅತ್ತಿಗೆ," ಕಾರು ನಿಲ್ಲಿಸುತ್ತ ಮೈದುನ ಕೇಳಿದ, "ಏಳರಲ್ಲಿ ಬೀಗ ಇಲ್ಲಾಂದ್ರೆ ಮತ್ತೆಲ್ಲಿದೆ?"

"ಅದನ್ನೇ ಕೇಳೋಕೆ ಬಂದಿರೋದು. ನೀನು ಇಲ್ಲೇ ಇರು. ಆ ಹೆಂಗಸಿನ ಮುಂದೆ ನಿನ್ನ ತಮಾಷೆ ನಡೆಯಲ್ಲ."

"ನನ್ನ ತಮಾಷೆ ನಮ್ಮನೇಲೂ ನಡೆಯಲ್ಲ, ಬಿಡಿ." ಸೀಟು ಹಿಂದಕ್ಕೆ ತಳ್ಳಿ ಕಣ್ಣು ಮುಚ್ಚಿದ.

ಬಟ್ಟೆ ಒಗೆಯುವ ಅಂಗಡಿಯ ಹಿಂದೆ ತಗಡಿನ ಶೆಡ್ಡು. ಪಕ್ಕದ ಯಂತ್ರಗಳ ಗಡಗಡ ಗೋಡೆ ದಾಟಿ ಬರುತ್ತಿತ್ತು. ಒಳಗೆ ಹಸಿ ಮರದ ವಾಸನೆ, ಕಾಲ ಕೆಳಗೆ ಸುರುಳಿ ಸುರುಳಿ ಸಿಪ್ಪೆ. ಗೋಡೆಗೆ ಬಿಗಿದ ಚರ್ಮದ ಪಟ್ಟಿಯಲ್ಲಿ ಉದ್ದಕ್ಕೂ ಉಳಿಗಳು, ಕಿರುಬೆರಳಿನಷ್ಟು ಸಣ್ಣದರಿಂದ ಅಂಗೈಯಗಲದವರೆಗೆ. ಅದರ ಕೆಳಗೆ ಬೆಂಚಿನ ಮೇಲೆ ಉಳಿಯಕ್ಕ. ಅರವತ್ತು ದಾಟಿದ ಗಟ್ಟಿ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಇಪ್ಪತ್ತಾರು ವರ್ಷ ಅದೇ ಕಾರ್ಖಾನೆಯಲ್ಲಿ ಕುರ್ಚಿ ಕಾಲಿಗೆ ಸಿಂಹದ ಪಾದ ಕೆತ್ತಿದ ಕೈ ಅದು. ಪಾಲಿಶ್ ಕೋಣೆಗೆ ತಮ್ಮ ತಂಗಿಯನ್ನು ಸೇರಿಸಿದ್ದೂ ಅವರೇ. ಹದಿನೇಳರ ನಟ್ಟನಡುವಿನ ಬೆನ್ನು ಆ ತಂಗಿಯದು.

ಸಾಣೆಕಲ್ಲಿಗೆ ನೀರು ಚಿಮುಕಿಸಿ ಒಂದು ಉಳಿ ಮಸೆಯುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಲಿಲ್ಲ.

"ಸುಳ್ಳು ಹೇಳಿದ್ರಿ ಅಕ್ಕ."

"ಹೇಳಿದೆ."

"ಕಿತ್ಕೊಂಡು ಹೋಗಿರೋದರ ತಳದಲ್ಲಿ ತೂತೇ ಇಲ್ಲ."

"ಇರಲ್ಲ. ಸಣಕಲು ಬೆನ್ನು ಅದು. ಪೊಳ್ಳು ಮಾಡೋಷ್ಟು ಮಾಂಸ ಇರಲಿಲ್ಲ ಅದರಲ್ಲಿ." ಉಳಿಯ ಬಾಯನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ಹರಿತ ನೋಡಿದರು. "ಅಂಥವು ಎರಡೇ. ನನ್ನ ತಂಗಿಯ ಆ ಕಡೆ ಒಂದು, ಈ ಕಡೆ ಒಂದು. ನೋಡೋ ಕಣ್ಣಿಗೆ ತೂಕ ಸಮ ಇರಲಿ ಅಂತ ಹಾಗೆ ಮಾಡಿದ್ದೆ. ಹೋದ್ರೂ ನಷ್ಟ ಇಲ್ಲ ಅಂತ ಅವೆರಡನ್ನೇ ಆರಿಸ್ಕೊಂಡೆ. ಬೀಗ ಬೇರೆ ಕಡೆ ಭದ್ರವಾಗಿದೆ."

"ಯಾತಕ್ಕೆ ಆರಿಸಿಕೊಂಡ್ರಿ?"

"ಕಳ್ಳನ್ನ ಹಿಡಿಯೋಕೆ." ಈಗ ತಲೆ ಎತ್ತಿದರು. "ಬೀಗದ ವಿಷಯ ನಾನು ಹೇಳಿದ್ದು ಇಬ್ಬರಿಗೇ. ಇಬ್ಬರಿಗೂ ಬೇರೆ ಬೇರೆ ಅಂಕಿ ಹೇಳಿದೆ. ಯಾರ ಬೆನ್ನು ಹೋಗುತ್ತೆ ನೋಡೋಣ ಅಂತ ಕೂತೆ. ಬೆನ್ನು ಹೋಯ್ತು."

"ಇಬ್ಬರಲ್ಲಿ ಒಬ್ಬಳು ನಾನು."

"ಹೌದು. ಬೇಜಾರಾಯ್ತಾ?"

"ಆಗದೇ ಇರುತ್ತಾ?"

"ಆಗ್ಲಿ. ಹನ್ನೊಂದು ತಿಂಗಳಲ್ಲಿ ನಾನು ನಂಬಿದ್ದು ಮರ ಒಂದನ್ನೇ." ಮುಖದಲ್ಲಿ ನಗು ಇರಲಿಲ್ಲ. "ನೀವು ಗೆದ್ದಿರಿ. ನಿಮಗೆ ಹೇಳಿದ್ದು ಏಳು. ವಕೀಲನಿಗೆ ಹೇಳಿದ್ದು ಹನ್ನೊಂದು. ಹೋಗಿರೋದು ಹನ್ನೊಂದು."

ತಪ್ಪಾಗಿ ಕೇಳಿಸಿಕೊಂಡೆನೇನೋ ಅಂದುಕೊಂಡೆ.

"ಎಷ್ಟು ಅಂದ್ರಿ?"

ಉಳಿಯಿಂದಲೇ ಎದುರು ಗೋಡೆ ತೋರಿಸಿದರು. ಅಲ್ಲಿ ಕಂದು ಕಾಗದದ ಮೇಲೆ ಕೆತ್ತನೆಯ ನಕ್ಷೆ ಅಂಟಿಸಿತ್ತು. ಹದಿನೇಳು ಬೆನ್ನು, ತಲೆಯ ಮೇಲೆ ಒಂದೊಂದು ಅಂಕಿ. ಕಿತ್ತುಹೋದದ್ದನ್ನು ಇದ್ದಿಲಲ್ಲಿ ಕಾಟು ಹೊಡೆದಿದ್ದರು. ಅದರ ಮೇಲೆ ಸ್ಪಷ್ಟವಾಗಿ ಹನ್ನೊಂದು ಎಂದಿತ್ತು.

ಅಂಕಿಗಳು ಬಲತುದಿಯಿಂದ ಶುರುವಾಗಿ ಎಡಕ್ಕೆ ಓಡುತ್ತಿದ್ದವು.

"ಇದು... ಬಲದಿಂದ ಯಾಕೆ?"

"ಬಲ ಅಲ್ಲ, ಬುಡ. ಮರ ಬುಡದಿಂದ ತಾನೇ ಬೆಳೆಯೋದು? ನಾವು ಗುರುತು ಹಾಕೋದೂ ಬುಡದಿಂದ, ಉಳಿ ಇಡೋದೂ ಬುಡದಿಂದ. ದಿಮ್ಮಿ ಇಳಿಸೋವಾಗ ಬುಡ ಬಲಗಡೆಗೆ ಬಂತು." ಇಷ್ಟು ಗೊತ್ತಿಲ್ಲವಾ ಅನ್ನುವ ಹಾಗೆ ನೋಡಿದರು. "ತುದಿಯಿಂದ ಯಾರಾದ್ರೂ ಎಣಿಸ್ತಾರಾ?"

ಎಣಿಸುತ್ತಾರೆ. ಮರ ಗೊತ್ತಿಲ್ಲದ ಪ್ರತಿಯೊಬ್ಬರೂ ಎಡದಿಂದಲೇ ಎಣಿಸುತ್ತಾರೆ. ನಾನು ಎಣಿಸಿದೆ. ಬೆಳಿಗ್ಗೆ ವಕೀಲರು ಬೆರಳು ಹಿಡಿದು ಎಣಿಸಿದರು. ಕತ್ತಲಲ್ಲಿ ಬಂದವನೂ ಎಡದಿಂದಲೇ ಒಂದೊಂದು ಕತ್ತು ಮುಟ್ಟಿಕೊಂಡು ಎಣಿಸಿದ್ದ.

ಬುಡದಿಂದ ಹನ್ನೊಂದನೆಯದು, ಎಡದಿಂದ ಏಳನೆಯದು. ಎರಡೂ ಒಂದೇ ಬೆನ್ನು. ನಲವತ್ತು ವರ್ಷ ಬುಡದಿಂದಲೇ ಎಣಿಸಿದ ಈ ಹೆಂಗಸಿಗೆ ಜಗತ್ತು ಇನ್ನೊಂದು ತುದಿಯಿಂದ ಎಣಿಸುತ್ತದೆ ಅನ್ನುವುದು ತಲೆಗೇ ಬಂದಿರಲಿಲ್ಲ.

ಕಳ್ಳನ ಕಿವಿಗೆ ಬಿದ್ದ ಅಂಕಿ ಹನ್ನೊಂದಲ್ಲ, ಏಳು. ನನ್ನ ಅಂಕಿ.

ಆ ಅಂಕಿಯನ್ನು ನಾನು ಒಬ್ಬನೇ ಒಬ್ಬನಿಗೆ ಹೇಳಿದ್ದೆ. ಮೊನ್ನೆ ಸಂಜೆ, ಇದೇ ಶೆಡ್ಡಿನಿಂದ ಹೊರಗೆ ಹೋಗಿ ಕಾರಿನ ಬಾಗಿಲು ಹಾಕಿಕೊಂಡ ಕೂಡಲೇ.

"ಅಕ್ಕ, ವಕೀಲರ ವಿಷಯ ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಹದಿನೇಳು ಮನೆಗೂ ಹೋಗಿ ಬಂದೆ." ಉಳಿಯನ್ನು ಮತ್ತೆ ಕಲ್ಲಿಗೆ ಹಚ್ಚಿದರು. "ನಾಲ್ಕು ಗಂಟೆಗೆ ಅವನ ಆಫೀಸ್ ಮುಂದೆ ಎಲ್ಲ ಸೇರ್ತಾರೆ. ಮಹಡಿ ಮೇಲಿನ ಕೋಣೆ, ಒಂದೇ ಬಾಗಿಲು, ಕಿಟಕಿಗೆ ಕಬ್ಬಿಣದ ಸರಳು. ಹೊರಗಿಂದ ಬೀಗ ಜಡೀತೀವಿ."

"ಬೀಗ ಜಡಿದು?"

"ಕೂರ್ತೀವಿ. ಒಳಗಿಂದ ಬಡೀಲಿ. ಕೂಗ್ಲಿ. ಬಾಗಿಲಿನ ಆ ಕಡೆ ಇರೋದು ಅಂದ್ರೆ ಹೇಗಿರುತ್ತೆ ಅಂತ ಒಂದು ಗಂಟೆ ತಿಳ್ಕೊಳ್ಳಿ. ನನ್ನ ತಂಗಿ ಇಪ್ಪತ್ತು ನಿಮಿಷ ಬಡಿದಳಂತೆ. ಅವನಿಗೆ ಒಂದು ಗಂಟೆ. ಹೆಚ್ಚೇ ಕೊಡ್ತಿದ್ದೀವಿ."

"ಬೆಂಕಿ?"

ಕಲ್ಲಿನ ಮೇಲೆ ಉಳಿ ಎರಡು ಸಲ ಹೋಗಿ ಬಂತು.

"ನಾನು ಹೇಳಿಲ್ಲ."

"ಬೇಡ ಅಂತಲೂ ಹೇಳಿಲ್ಲ."

"ಅರವತ್ತು ಜನ ಬರ್ತಾರೆ. ಹೆಂಡತಿ ಕಳ್ಕೊಂಡವನಿದ್ದಾನೆ, ಮಗನ್ನ ಕಳ್ಕೊಂಡವಳಿದ್ದಾಳೆ. ಯಾರ ಜೇಬಲ್ಲಿ ಏನಿದೆ ಅಂತ ತಡಕಿ ನೋಡ್ಲಾ ನಾನು?" ಅವರ ದನಿ ಒಂದಿಷ್ಟೂ ಏರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. "ಯಜಮಾನ ವೈರಿ. ಅವನ ಮೇಲೆ ನನಗೆ ಕೋಪ ಇದೆ. ನಮ್ಮ ಜೊತೆ ಕೂತು, ನಮ್ಮ ಕಣ್ಣೀರು ಬರ್ಕೊಂಡು, ನಮ್ಮನ್ನೇ ಮಾರಿದವನ ಮೇಲೆ ಇರೋದಕ್ಕೆ ಕೋಪ ಅಂತ ಹೆಸರಿಲ್ಲ."

"ನಾಳೆ ವಿಚಾರಣೆ ಇದೆ ಅಕ್ಕ. ವಕೀಲರಿಲ್ಲದೆ ಬೀಗವನ್ನ ಯಾರು ಮುಂದಿಡ್ತಾರೆ?"

"ವಿಚಾರಣೆ ಅವರದು. ಇದು ನಮ್ಮದು."

ಗೋಡೆ ಗಡಿಯಾರದಲ್ಲಿ ಮೂರೂ ಇಪ್ಪತ್ತೈದು.

ನಾನು ಬಾಯಿ ಮುಚ್ಚಿಕೊಂಡು ಹೊರಗೆ ನಡೆದರೆ ಸಾಕಿತ್ತು. ಅಂಕಿ ನನ್ನ ಪರವಾಗಿತ್ತು. ನನ್ನ ಮನೆಗೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಆದರೆ ಬೆಳಿಗ್ಗೆ ಆ ಮನುಷ್ಯ ಹನ್ನೊಂದನೆಯದರ ಭುಜ ತಟ್ಟಿದ್ದು ಕಣ್ಣಿನಿಂದ ಹೋಗಲೊಲ್ಲದು. ಅದು ಕಳ್ಳನ ಸಂತೋಷವಾಗಿರಲಿಲ್ಲ. ತನಗೆ ಒಪ್ಪಿಸಿದ ಗುಟ್ಟು ಅಲ್ಲೇ ಭದ್ರವಾಗಿದೆ ಅಂದುಕೊಂಡು ಬಿಟ್ಟ ಉಸಿರು ಅದು. ಇನ್ನರ್ಧ ಗಂಟೆಗೆ ಆತನ ಬೆನ್ನ ಹಿಂದೆ ಬಾಗಿಲು ಬೀಳುತ್ತದೆ.

"ಅಕ್ಕ, ವಕೀಲರಲ್ಲ."

ಉಳಿ ನಿಂತಿತು.

ಎಲ್ಲ ಹೇಳಿದೆ. ಆರು ಕತ್ತುಗಳ ಮೇಲಿನ ಕಂದು ಮಚ್ಚೆ, ಎಡದಿಂದ ಎಣಿಸುವ ನಮ್ಮಂಥವರ ರೂಢಿ, ವಕೀಲರು ಹೋಗಿ ತಟ್ಟಿದ ಬೆನ್ನು. ಎದ್ದು ನಕ್ಷೆಯ ಮೇಲೆ ಬೆರಳಿಟ್ಟು ಎಡತುದಿಯಿಂದ ಎಣಿಸಿ ತೋರಿಸಿದೆ. ಏಳಕ್ಕೆ ಬಂದಾಗ ನನ್ನ ಬೆರಳು ಇದ್ದಿಲಿನ ಕಾಟಿನ ಮೇಲಿತ್ತು.

ಅವರು ತುಟಿ ಅಲುಗಿಸುತ್ತ ತಾವೂ ಎಣಿಸಿದರು. ಎರಡು ಸಲ. ಹಾಗೆ ಎಣಿಸುವುದು ಅವರಿಗೆ ಎಡಗೈಯಲ್ಲಿ ಬರೆದಷ್ಟು ಕಷ್ಟವಾಯಿತು.

"ಹಾಗಾದ್ರೆ ನೀವು," ಎಂದರು.

"ನಾನಲ್ಲ. ಆದ್ರೆ ನನ್ನಿಂದ ಹೋದದ್ದು."

"ಯಾರಿಗೆ?"

ಬಾಗಿಲಿಗೆ ಹೋಗಿ ಮೈದುನನನ್ನು ಕೂಗಿದೆ.

ಕಣ್ಣುಜ್ಜಿಕೊಂಡು ಬಂದ. "ಏನತ್ತಿಗೆ, ತಮಾಷೆಗೆ ಪರ್ಮಿಷನ್ ಸಿಕ್ತಾ?" ಅಂದವನು ನಮ್ಮಿಬ್ಬರ ಮುಖ ನೋಡಿ ಹೊಸ್ತಿಲಲ್ಲೇ ನಿಂತ. ಉಳಿಯಕ್ಕ ಎದ್ದು ನಿಂತಿದ್ದರು. ಕೈಯಲ್ಲಿ ಮಸೆದ ಉಳಿ ಹಾಗೇ ಇತ್ತು.

"ಮೊನ್ನೆ ಕಾರಲ್ಲಿ ನಾನು ನಿನಗೊಂದು ಅಂಕಿ ಹೇಳಿದ್ದೆ. ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ನನ್ನ ಮುಖ ನೋಡಿ ಹೇಳು."

"ಯಾರಿಗೂ ಇಲ್ಲ ಅತ್ತಿಗೆ! ಹೊರಗಿನವರಿಗೆ ಒಂದಕ್ಷರ ಹೇಳಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ."

"ಒಳಗಿನವರಿಗೆ?"

ಅವನು ನನ್ನ ಮುಖದಿಂದ ಕಣ್ಣು ತೆಗೆದು ಉಳಿಯಕ್ಕನ ಕೈಯ ಉಳಿ ನೋಡಿದ.

"ಹೇಳೋ!"

"ಅಣ್ಣನಿಗೆ," ಎಂದ. "ಅಣ್ಣ ಕೇಳಿದ. ಊಟಕ್ಕೆ ಕೂತಾಗ. ನೀವು ಪಾಪುಗೆ ಹೋಂವರ್ಕ್ ಮಾಡಿಸ್ತಿದ್ರಿ. ಬೀಗ ಸಿಕ್ತಂತೆ ಹೌದಾ, ಎಲ್ಲಿಟ್ಟಿದ್ದಾರಂತೆ ಅಂದ. ಹೇಳಿದೆ. ಅಣ್ಣ ಏನು ಹೊರಗಿನವನಾ ಅತ್ತಿಗೆ?"

ಪಕ್ಕದ ಗೋಡೆಯಾಚೆ ಒಗೆಯುವ ಯಂತ್ರಗಳು ಗಡಗಡ ಅನ್ನುತ್ತಲೇ ಇದ್ದವು.

ಅವನ ಅಣ್ಣ ಅಂದರೆ ನನ್ನ ಗಂಡ.

"ಏನು ಕೆಲಸ ನಿಮ್ಮ ಮನೆಯವರದು?" ಉಳಿಯಕ್ಕನ ದನಿ ನನ್ನ ಕಿವಿಗೆ ಬಹಳ ದೂರದಿಂದ ಬಂದ ಹಾಗಿತ್ತು.

"ಅಗ್ನಿಶಾಮಕ ದಳ."

"ಆ ದಿನ ಬಂದಿದ್ರಾ?"

"ಬಂದಿದ್ರು." ಆ ದಿನದ ಬಗ್ಗೆ ಮನೆಯಲ್ಲಿ ಅವರು ಒಂದು ಮಾತೂ ಆಡಿದವರಲ್ಲ. ನಾನೂ ಕೇಳಿರಲಿಲ್ಲ. ಬಂದ ದಿನವೇ ಅವರ ಅಂಗಿ ಸುಟ್ಟು ಹಾಕಿದೆ. ಮೂರು ತಿಂಗಳು ಕಿವಿಗೆ ಮುಲಾಮು ಹಚ್ಚಿದೆ. ಅಷ್ಟು ಸಾಕು ಅಂದುಕೊಂಡಿದ್ದೆ.

"ಎಡಗಿವಿ," ಎಂದರು ಉಳಿಯಕ್ಕ. ಅದು ಪ್ರಶ್ನೆಯಾಗಿರಲಿಲ್ಲ.

"ತುದಿ ಇಲ್ಲ. ಆ ದಿನವೇ ಸುಟ್ಟಿದ್ದು. ನಿಮಗೆ ಹೇಗೆ ಗೊತ್ತು?"

ಅವರು ಬೆಂಚಿನ ಮೇಲೆ ಕುಸಿದು ಕುಳಿತರು. ಉಳಿಯನ್ನು ಪಕ್ಕಕ್ಕಿಟ್ಟು, ಮಡಚದ ಎರಡು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

"ಬೀಗ ಯಾರು ಕೊಟ್ಟರು ಅಂತ ನೀವು ಹತ್ತು ಸಲ ಕೇಳಿದ್ರಿ. ಮಾತು ಕೊಟ್ಟಿದ್ದೀನಿ, ಹೇಳಲ್ಲ ಅಂದೆ." ನನ್ನ ಕಡೆ ತಿರುಗಿದರು. "ಅವರೇ. ಹೊಗೆ ಇನ್ನೂ ಆರಿರಲಿಲ್ಲ. ಕಾಂಪೌಂಡ್ ಹಿಂದೆ ಕರ್ಕೊಂಡ್ಹೋಗಿ, ಕೈಗವಸಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದ್ರು. ಬಿಸಿ ಇತ್ತು ಇನ್ನೂ. ಇದನ್ನ ಪೊಲೀಸರಿಗೆ ಕೊಟ್ಟರೆ ಉಳಿಯಲ್ಲ, ನನ್ನ ಹತ್ತಿರ ಇದ್ದರೂ ಉಳಿಯಲ್ಲ, ನೀವು ಇಟ್ಕೊಳ್ಳಿ ಅಂದ್ರು. ಅಳ್ತಿದ್ರು ತಾಯಿ. ನಿಮ್ಮ ಮನೆಯವರು ಮಗು ಥರ ಅಳ್ತಿದ್ರು."



"ತಾವೇ ತಂದು ಕೊಟ್ಟವರು," ಎಂದರು ಉಳಿಯಕ್ಕ, ನನ್ನನ್ನಲ್ಲ, ನಕ್ಷೆಯನ್ನು ನೋಡುತ್ತ, "ತಾವೇ ಬಂದು ಕೊಯ್ಕೊಂಡು ಹೋಗ್ತಾರಾ?"

ನನ್ನ ತಲೆಯಲ್ಲಿದ್ದದ್ದು ಒಂದೇ ಲೆಕ್ಕ. ಇವತ್ತು ಅವರು ರಜೆ ಹಾಕಿ ಮನೆಯಲ್ಲಿದ್ದಾರೆ. ಮಕ್ಕಳಿಬ್ಬರೂ ಶಾಲೆಯಿಂದ ಮೂರೂವರೆಗೆ ಬಂದಿರುತ್ತಾರೆ.

ಬೆಂಚಿನ ಮೇಲಿದ್ದ ಫೋನು ಅದುರಿತು. ಉಳಿಯಕ್ಕ ಸ್ಪೀಕರ್ ಒತ್ತಿದರು. ಹಿಂದೆ ನೂರು ಚಪ್ಪಲಿ ಮೆಟ್ಟಿಲು ಹತ್ತುವ ಸದ್ದು, ಯಾರೋ ಅಳುವುದು, ಯಾರೋ ಬೈಯುವುದು. ಮಾತಾಡಿದ್ದು ಅವರ ತಂಗಿಯ ಗಂಡ.

"ಅಕ್ಕಾ, ನಾಲ್ಕು ಗಂಟೆವರೆಗೂ ಜನ ತಡೀತಿಲ್ಲ. ಈಗಲೇ ಬಂದ್ಬಿಟ್ಟಿದ್ದೀವಿ. ವಕೀಲ ಒಳಗಿದ್ದಾನೆ. ಬಾಗಿಲು ಎಳೆದು ಹಿಡ್ಕೊಂಡಿದ್ದೀವಿ, ಬೀಗ ಜಡೀಲಾ?"

"ಬೇಡ! ಅವನಲ್ಲ. ತಪ್ಪು ಎಣಿಸಿದೆ ನಾನು. ಅವನಲ್ಲ!"

ಆ ಕಡೆ ಗದ್ದಲ ಒಂದು ಕ್ಷಣ ತಗ್ಗಿತು, ಮತ್ತೆ ಎರಡರಷ್ಟಾಯಿತು.

"ಬರೀ ಅಲ್ಲ ಅಂದ್ರೆ ಇವರು ಕೇಳಲ್ಲ ಅಕ್ಕ. ಬೆಳಿಗ್ಗೆ ನೀವೇ ಬಂದು ಆಣೆ ಇಟ್ಟು ಹೇಳಿ ಹೋದ್ರಿ. ಹೆದರಿಸಿದ್ದಾರೆ ಅಕ್ಕನ್ನ ಅಂತಿದ್ದಾರೆ. ಇವನಲ್ಲ ಅಂದ್ರೆ ಯಾರು? ಹೆಸರು ಹೇಳಿ, ಇಳಿದು ಬರ್ತೀವಿ. ಇಲ್ಲಾಂದ್ರೆ ಇವನೇ."

ಒಳಗಿನಿಂದ ಬಾಗಿಲು ಬಡಿಯುವ ಸದ್ದು ಶುರುವಾಗಿತ್ತು. ವಕೀಲರ ದನಿ. ಏನಾಯ್ತು, ಯಾಕೆ, ಬಾಗಿಲು ತೆಗೀರಿ.

ಉಳಿಯಕ್ಕನ ತುಟಿ ಆ ಸದ್ದಿಗೇ ಬಿಳಿಚಿಕೊಂಡಿತು. ಆದರೂ ಅವರು ಹೆಸರು ಹೇಳಲಿಲ್ಲ. ತಮ್ಮ ಮಡಿಲಿಗೆ ಬೀಗ ಹಾಕಿ ಅತ್ತವನ ಹೆಸರನ್ನು ಅವರು ಹೇಳಲಾರರು ಎಂದು ನನಗೆ ಅರ್ಥವಾಯಿತು. ಹೇಳದೆ ಇರಲೂ ಆರರು.

ಫೋನನ್ನು ನನ್ನ ಕಡೆ ಚಾಚಿದರು.

"ನಿಮ್ಮ ಮನೆ," ಎಂದರು. "ನೀವೇ ಹೇಳಿ."

ತೆಗೆದುಕೊಂಡೆ. ಬೆವರಿನಿಂದ ಒದ್ದೆಯಾದ ಫೋನಿನೊಳಗಿಂದ ಅರವತ್ತು ಜನರ ಉಸಿರು ಕೇಳುತ್ತಿತ್ತು.

"ಯಾರಕ್ಕಾ?" ಎಂದಿತು ಆ ದನಿ. "ಬೀಗ ನನ್ನ ಕೈಯಲ್ಲೇ ಇದೆ. ಯಾರ ಬಾಗಿಲಿಗೆ ಹಾಕ್ಲಿ?"